ಮೋಡದ ದಿನದ ಸಂಡಿಗೆ

ಭೂಮಿ ಬಿಸಿಯಾಗಲು ಕಾರಣ ಯಾರು ಎಂಬುದು ಬಸವನಗುಡಿಯ ನಮ್ಮ ಫ್ಲಾಟಿನಲ್ಲಿ ಬೆಳಗಿನ ಕಾಫಿಯ ಜೊತೆಗೇ ಶುರುವಾಗುವ ಜಗಳ. ನಮ್ಮ ಯಜಮಾನರು ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದವರು. ಅವರ ಪ್ರಕಾರ ತಪ್ಪೆಲ್ಲ ಸೂರ್ಯನದು, ಜ್ವಾಲಾಮುಖಿಗಳದು. ನನ್ನ ಪ್ರಕಾರ ಕಲ್ಲಿದ್ದಲು, ಪೆಟ್ರೋಲು ಸುಡುವ ಮನುಷ್ಯರದು. ಅದರಲ್ಲೂ ಫೆಬ್ರವರಿಯಲ್ಲೇ ಎಸಿ ಹಾಕಿಕೊಂಡು ಮಲಗುವ ಈ ಮನುಷ್ಯರದು.

ಕಳೆದ ಏಪ್ರಿಲ್‌ನಲ್ಲಿ ಒಂದು ದಿನ ಮೋಡ ಕವಿದು ತಂಪಾಯಿತು. ನಾನು ಹೋಗಿ ಎಸಿ ಆರಿಸಿದೆ. ಸ್ವಲ್ಪ ಹೊತ್ತಿಗೆಲ್ಲ ಪಕ್ಕದ ಮನೆಯಾಕೆ ಬಾಗಿಲು ಬಡಿದರು. ಕೈತುಂಬ ಹಿಟ್ಟು.

"ಏನ್ರೀ, ಎಸಿ ಯಾಕೆ ಆಫ್ ಮಾಡ್ಬಿಟ್ರಿ? ಸಂಡಿಗೆ ಇಡ್ತಿದೀನಿ!"

ತಾರಸಿಗೆ ಹೋಗಿ ನೋಡಿದರೆ, ನಮ್ಮ ಎಸಿಯ ಬಿಸಿಗಾಳಿ ಉಗುಳುವ ಪೆಟ್ಟಿಗೆಯ ಮುಂದೆ, ಹಳೇ ಪಂಚೆಯ ಮೇಲೆ, ಅರಳು ಸಂಡಿಗೆಗಳು ಸಾಲಾಗಿ ಕೂತಿವೆ.

"ಬಿಸಿಲಿಗೆ ಇಡಬಾರದೇನಮ್ಮಾ?" ಎಂದರು ನನ್ನ ಹಿಂದೆಯೇ ಬಂದ ಯಜಮಾನರು.

"ಸೂರ್ಯನ್ನ ನಂಬ್ಕೊಂಡ್ರೆ ಎರಡು ದಿನ ಬೇಕು ಸರ್. ಇವತ್ತಂತೂ ಅವನ ಪತ್ತೇನೇ ಇಲ್ಲ. ನಿಮ್ಮ ಎಸಿ ಇದ್ರೆ ಸಾಯಂಕಾಲಕ್ಕೆಲ್ಲ ಗರಿಗರಿ. ನಿಮಗೂ ಒಂದು ಡಬ್ಬ ಕೊಡ್ತೀನಿ."

ನಾನು ಯಜಮಾನರ ಮುಖ ನೋಡಿದೆ. ಅವರು ಮೋಡ ನೋಡಿದರು.

ವಾದವೇನೋ ನಾನೇ ಗೆದ್ದಿದ್ದೆ. ಆದರೂ ಅಂದು ಸಂಜೆಯವರೆಗೆ ಇಬ್ಬರೂ ಶಾಲು ಹೊದ್ದು, ಎಸಿ ಹಾಕಿಕೊಂಡು ನಡುಗುತ್ತ ಕೂತೆವು. ರೂಮು ತಣ್ಣಗಾದಾಗಲೆಲ್ಲ ತಾರಸಿಯ ಪೆಟ್ಟಿಗೆ ತಾನಾಗಿ ನಿಂತುಹೋಗುತ್ತಿತ್ತು.

"ರೀ, ಮತ್ತೆ ನಿಂತ್ಹೋಯ್ತು. ಇನ್ನೂ ತಣ್ಣಗೆ ಇಡ್ರಿ," ಎನ್ನುತ್ತಿದ್ದವಳು ನಾನೇ.