ಮಹಡಿ ಮೇಲಿನ ಡ್ಯಾಕ್, ಕೆಳಗಿನ ಮಗ್ಗ

ಕೋವಿಡ್‌ನ ಎರಡನೆಯ ಅಲೆ ಇಳಿದು, ಜನ ಮಾಸ್ಕ್ ತೆಗೆದು ಮುಖ ತೋರಿಸಲು ಶುರುಮಾಡಿದ್ದ ವರ್ಷ. ನಾನಾಗ ಕೊಳ್ಳೇಗಾಲದ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಆಡಿಯಾಲಜಿಸ್ಟ್ ಎಂದರೆ ಕಿವಿಯ ಡಾಕ್ಟರಲ್ಲ. ಕಿವಿ ಎಷ್ಟು ಕೇಳುತ್ತದೆ ಎಂದು ಅಳೆದು, ಬೇಕಾದವರಿಗೆ ಶ್ರವಣ ಸಾಧನ ಹೊಂದಿಸಿಕೊಡುವವಳು. ನನ್ನ ಬಳಿ ಬರುತ್ತಿದ್ದವರು ಹೆಚ್ಚಾಗಿ ಹನೂರು, ಯಳಂದೂರು ಕಡೆಯ ವಯಸ್ಸಾದವರು. ಇಲ್ಲವೇ ಇನ್ನೂ ಮಾತು ಬಾರದ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದ ತಾಯಂದಿರು. ಎಲ್ಲರದೂ ಒಂದೇ ದೂರು, ಕೇಳಿಸುತ್ತಿಲ್ಲ ಎಂಬುದು. "ನನ್ನ ಕಿವಿ ಬಹಳ ಚೆನ್ನಾಗಿದೆ ಅಂತ ಬರೆದುಕೊಡಿ" ಎಂದು ಕೇಳಿಕೊಂಡು ಬಂದವರು ನನ್ನ ಇಡೀ ವೃತ್ತಿಯಲ್ಲಿ ಒಬ್ಬರೇ.

ಅವರು ಮಹದೇವಸ್ವಾಮಿ. ಯಳಂದೂರು ರಸ್ತೆಯಲ್ಲಿ ರೇಷ್ಮೆ ಸೀರೆ ನೇಯುವ ಪವರ್‌ಲೂಮ್ ಶೆಡ್ಡಿನ ಮಾಲೀಕರು. ಐವತ್ತೆಂಟರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೃದುವಾದ ನಡವಳಿಕೆ. ಕುಳಿತವರೇ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಮಗುವಿನದೋ ಮದುವೆಯದೋ ಇರಬೇಕು ಎಂದುಕೊಂಡೆ. ನೋಡಿದರೆ ಅಲ್ಯೂಮಿನಿಯಮ್ಮಿನ ಒಂದು ಚಪ್ಪಟೆ ಪೆಟ್ಟಿಗೆ, ನಡುವೆ ತಿರುಗಿಸುವ ಒಂದು ದುಂಡು ಗುಬುಟು.

"ಡ್ಯಾಕ್ ಮೇಡಂ. ಇದು ಮೂರ್ನೇದು. ಮೊದ್ಲು ಎಲ್ಡು ಬದ್ಲಾಯಿಸ್ದೆ. ಆದ್ರೂ ಹಾಡಲ್ಲಿ ತಾಳದ್ ಸದ್ದು ಸರ್ಯಾಗ್ ಬತ್ತಾ ಇಲ್ಲ."

ಡ್ಯಾಕ್ ಎಂದರೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಫೋನು, ಕಂಪ್ಯೂಟರುಗಳಲ್ಲಿ ಹಾಡು ಇರುವುದು ಬರೀ ಅಂಕಿಗಳಾಗಿ. ಆ ಅಂಕಿಗಳನ್ನು ಸ್ಪೀಕರ್ ನಡುಗಿಸಬಲ್ಲ ವಿದ್ಯುತ್ ಅಲೆಗಳಾಗಿ ಬದಲಿಸುವುದೇ ಇದರ ಕೆಲಸ. ಫೋನಿನೊಳಗೂ ಅಂಥದೊಂದು ಚಿಪ್ ಇರುತ್ತದೆ. ಅದೇ ಕೆಲಸವನ್ನು ಇನ್ನಷ್ಟು ಶುದ್ಧವಾಗಿ ಮಾಡಲು ಮೇಜಿನ ಮೇಲೆ ಇಟ್ಟುಕೊಳ್ಳುವ ಬೇರೆ ಪೆಟ್ಟಿಗೆಗಳು ಬರುತ್ತವೆ. ಸ್ವಾಮಿಯವರದು ಅವುಗಳಲ್ಲೇ ಬಲು ದುಬಾರಿಯದು.

ಅವರಿಗೆ ಅದನ್ನು ಕೊಡಿಸಿದ್ದು ಬೆಂಗಳೂರಿನ ರಾಕೇಶ್ ಎಂಬ 'ಆಡಿಯೊ ಕನ್ಸಲ್ಟೆಂಟ್'. ಕಿವಿ ಪರೀಕ್ಷೆಯ ರಿಪೋರ್ಟ್ ತಂದರೆ ಅವರ ಕಿವಿಗೆ ತಕ್ಕಂತೆ ಡ್ಯಾಕನ್ನು ಟ್ಯೂನ್ ಮಾಡಿಕೊಡುವುದಾಗಿ ಅವನು ಹೇಳಿದ್ದನಂತೆ.

"ನಮ್ ಸೋದರಮಾವ ಮದ್ವೆ ಮನೇಲಿ ನಾಗಸ್ವರ ಊದೋರು ಮೇಡಂ. ಪಕ್ದಲ್ಲಿ ಕುಂತು ಕಂಚಿನ್ ತಾಳ ತಟ್ತಿದ್ದೋನು ನಾನೇಯ. ಅಂಗಾಗಿ ತಾಳ ಚೂರು ಮಂಕಾದ್ರೂ ನನ್ಗೆ ಗೊತ್ತಾಗೋಯ್ತದೆ" ಎಂದು ನಕ್ಕರು. ಆ ನಗುವಿನಲ್ಲಿ ಹುಡುಗನೊಬ್ಬ ಇಣುಕಿ ಹೋದ. ನನಗೆ ಅವರ ಮೇಲೆ ಅಕ್ಕರೆ ಹುಟ್ಟಿತು.

ಸದ್ದು ಹೊರಗಿನಿಂದ ನುಗ್ಗದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದೆ. ಕಿವಿಗೆ ಹೆಡ್‌ಫೋನ್ ಹಾಕಿ, ತಗ್ಗು ಸ್ವರದಿಂದ ಕೀಚಲು ಸ್ವರದವರೆಗೆ ಒಂದೊಂದಾಗಿ ಕೇಳಿಸುತ್ತೇವೆ. ಕೇಳಿದಾಗ ಅವರು ಗುಂಡಿ ಒತ್ತಬೇಕು. ಸದ್ದಿನ ಜೋರನ್ನು ಅಳೆಯುವುದು ಡೆಸಿಬೆಲ್‌ನಲ್ಲಿ; ಇಪ್ಪತ್ತೈದರ ಒಳಗೆ ಕೇಳಿಸಿದರೆ ಕಿವಿ ಸರಿ. ತಗ್ಗು ಸ್ವರಗಳೆಲ್ಲ ಅವರಿಗೆ ಹದಿನೈದಕ್ಕೇ ಕೇಳಿಸಿದವು. ಕೀಚಲು ಸ್ವರದ ಕಡೆ, ನಾಲ್ಕು ಸಾವಿರ ಹರ್ಟ್ಸ್‌ಗೆ ಬಂದಾಗ ಬಲಗಿವಿಗೆ ಅರವತ್ತು ಡೆಸಿಬೆಲ್, ಎಡಗಿವಿಗೆ ಅರವತ್ತೈದು ಬೇಕಾಯಿತು. ಅದಕ್ಕೂ ಮೇಲಿನ ಸ್ವರದಲ್ಲಿ ನಕ್ಷೆಯ ಗೆರೆ ಮತ್ತೆ ಸ್ವಲ್ಪ ಚೇತರಿಸಿಕೊಂಡಿತು. ನಕ್ಷೆಯ ಮೇಲೆ ಹೀಗೊಂದು ಹಳ್ಳ ಕಂಡರೆ ಅದಕ್ಕೆ ಸಾಮಾನ್ಯವಾಗಿ ಕಾರಣ ಒಂದೇ: ವರ್ಷಗಟ್ಟಲೆ ಕಿವಿಗೆ ಬಡಿದ ಸದ್ದು. ಕೇಳಿದರೆ, ಅವರು ಹುಟ್ಟಿದ ಮನೆಯಲ್ಲೂ ಮಗ್ಗ, ಬೆಳೆದ ಮೇಲೂ ಮಗ್ಗ. ತಾಳದ ಝಣಝಣ ಇರುವುದು ಆ ಹಳ್ಳದೊಳಗೇ.

ತಿಳಿಯುವ ಹಾಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. "ನಿಮ್ ಮಿಷಿನ್ನೇ ಸರಿ ಇಲ್ವೇನೋ. ಒಂದ್ ದಿಸ ನಮ್ಮನೇಗ್ ಬಂದು ನೀವೇ ಕೇಳ್ನೋಡಿ" ಎಂದರು. ಅವರು ಹಾಡು ಕೇಳುವಾಗ ಸದ್ದು ಎಷ್ಟಿರುತ್ತದೆ ಎಂದು ಅಳೆಯುವುದು ನನಗೂ ಬೇಕಿತ್ತು. ಸೌಂಡ್ ಲೆವೆಲ್ ಮೀಟರ್ ಚೀಲಕ್ಕೆ ಹಾಕಿಕೊಂಡು ಆ ವಾರವೇ ಹೋದೆ.

ಅವರ ಮನೆ ಇದ್ದದ್ದು ಶೆಡ್ಡಿನ ಮೇಲೆಯೇ. ಮಹಡಿಗೆ ಹೋಗುವ ಮೆಟ್ಟಿಲು ಶೆಡ್ಡಿನ ಒಳಗಿಂದಲೇ. ಬಾಗಿಲು ದಾಟಿದ್ದೇ ತಡ, ಮಗ್ಗಗಳ ಖಟಖಟ ಎದೆಗೆ ಬಡಿಯಿತು. ಒಂದೊಂದು ಮಗ್ಗದ ಮುಂದೆ ಒಬ್ಬೊಬ್ಬ ಹೆಂಗಸು. ಅವರು ಮಾತಾಡುತ್ತಿದ್ದುದು ಕೈಯಲ್ಲಿ, ಕಣ್ಣಲ್ಲಿ. ಕೆಲವರ ಕಿವಿಯಲ್ಲಿ ಬಟ್ಟೆ ಚೂರು. ಮೇಲೆ ಹತ್ತಿ ಹೋದರೆ ದಪ್ಪನೆಯ ಮರದ ಬಾಗಿಲು, ಅಂಚಿಗೆಲ್ಲ ರಬ್ಬರ್ ಪಟ್ಟಿ. ಅದು ಮುಚ್ಚಿಕೊಂಡ ಮೇಲೆ ಇನ್ನೊಂದು ಅಂಥದೇ ಬಾಗಿಲು. ಒಳಗೆ ಕಾಲಿಟ್ಟೆ. ಕೆಳಗಿನ ಮಗ್ಗಗಳೆಲ್ಲ ಒಮ್ಮೆಗೇ ನಿಂತುಹೋದವೇನೋ ಎಂಬಂಥ ನಿಶ್ಶಬ್ದ.

ರಾಕೇಶ್ ಆಗಲೇ ಬಂದು ಕೂತಿದ್ದ. ಸ್ವಾಮಿಯವರು ಡ್ಯಾಕ್ ಹಚ್ಚಿ, "ಚೂರು ಬಿಸಿ ಆಗ್ಲಿ" ಎಂದು ಕಾದರು. ಮಗುವಿನ ಕೆನ್ನೆ ಮುಟ್ಟುವ ಹಾಗೆ ಅದರ ಗುಬುಟನ್ನು ಮುಟ್ಟಿದರು. ಆಮೇಲೆ ನಾಗಸ್ವರದ ಒಂದು ಹೊಸ ರೆಕಾರ್ಡಿಂಗ್ ಹಾಕಿದರು. ನಾನು ಮೊದಲು ಸದ್ದು ತಗ್ಗಿಸಲು ಹೇಳಿದೆ.

ಸುಳ್ಳು ಹೇಳಬಾರದು, ಆ ಯಂತ್ರ ಅದ್ಭುತವಾಗಿತ್ತು. ಊದುವವರು ಉಸಿರು ಎಳೆದುಕೊಂಡದ್ದು ಕೇಳಿತು. ತಾಳ ಒಂದಕ್ಕೊಂದು ತಾಗಿ ಬಿಟ್ಟ ಮೇಲೆ ಅದರ ಝೇಂಕಾರ ತೆಳ್ಳಗಾಗುತ್ತ, ಆಗುತ್ತ, ಗಾಳಿಯಲ್ಲಿ ಕರಗಿಹೋದದ್ದು ಕೂಡ ಕೇಳಿತು. ಪಕ್ಕದಲ್ಲಿ ಸ್ವಾಮಿಯವರು ಕತ್ತು ಮುಂದೆ ಚಾಚಿ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು.

"ನೋಡಿ ಮೇಡಂ, ಇಲ್ಲಿ ತಾಳ ಇರ್ಬೇಕು. ಬತ್ತಾ ಇಲ್ಲ ಅಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ರಾಕೇಶ್ ಹೇಳಿದ: "ಹೌದು ಸರ್, ಮೇಲ್ಗಡೆ ಒಂಚೂರು ಪರದೆ ಹಾಕಿದ ಹಾಗಿದೆ. ನನಗೂ ಗೊತ್ತಾಗ್ತಾ ಇದೆ. ಮುಂದಿನ ಮಾಡೆಲ್‌ನಲ್ಲಿ ಇದು ಪೂರ್ತಿ ಕ್ಲಿಯರ್ ಆಗತ್ತೆ."

ನಾನು ಅವನ ಮುಖ ನೋಡಿದೆ. ಮೂವತ್ತು ದಾಟದ, ಒಳ್ಳೆಯ ಕಿವಿಯ ಹುಡುಗ. ನನಗೆ ಕೇಳಿದ್ದಕ್ಕಿಂತ ಚೆನ್ನಾಗಿ ಅವನಿಗೆ ಕೇಳಿರಬೇಕು. ಕಣ್ಣು ಕಾಣದವರ ಕೈಗೆ ಹರಿದ ನೋಟು ಇಡುವವನನ್ನು ಕಂಡ ಹಾಗಾಯಿತು.

"ಸ್ವಾಮಿಯವರೇ, ತಾಳ ಇದೆ. ನನಗೆ ಸ್ಪಷ್ಟವಾಗಿ ಕೇಳಿಸುತ್ತಿದೆ. ಇವರಿಗೂ ಕೇಳಿಸುತ್ತಿದೆ" ಎಂದೆ.

ಅವರು ರಾಕೇಶನ ಕಡೆ ತಿರುಗಿದರು. ಅವನು ನಕ್ಕು, "ಮೇಡಂದು ಮೆಡಿಕಲ್ ಲೈನ್ ಸರ್, ಮ್ಯೂಸಿಕ್ ಬೇರೆ" ಎಂದ. ಸ್ವಾಮಿಯವರು ಗುಬುಟನ್ನು ತಿರುಗಿಸಿ ತಾವು ದಿನಾ ಕೇಳುವಷ್ಟಕ್ಕೆ ಸದ್ದು ಏರಿಸಿದರು. ಮೀಟರ್ ನೂರ ಒಂದು ಡೆಸಿಬೆಲ್ ತೋರಿಸಿತು. ನಾನು ಕಿವಿ ಮುಚ್ಚಿಕೊಂಡೆ. ಕೇಳಿಸದ ಒಂದು ಸ್ವರಕ್ಕಾಗಿ ಆ ಮನುಷ್ಯ ಕೇಳಿಸುವ ಉಳಿದ ಸ್ವರಗಳನ್ನೂ ದಿನಾ ಬಲಿ ಕೊಡುತ್ತಿದ್ದರು.

ಹೊರಡಲು ಎದ್ದಾಗ ರಾಕೇಶ್ ಕಳುಹಿಸಿಕೊಡುವ ನೆಪದಲ್ಲಿ ಬಂದ. ಎರಡು ಬಾಗಿಲುಗಳ ನಡುವಿನ ಕತ್ತಲ ಜಾಗದಲ್ಲಿ ದನಿ ತಗ್ಗಿಸಿ, "ರಿಪೋರ್ಟಲ್ಲಿ ಹಿಯರಿಂಗ್ ಲಾಸ್ ಅಂತ ಹಾಕಬೇಡಿ ಮೇಡಂ. ಪರ್ಸನಲ್ ಕರ್ವ್ ಅಂತ ಹಾಕಿ. ಇಂಥ ಕಸ್ಟಮರ್ಸ್ ನನಗೆ ಮೈಸೂರು, ಚಾಮರಾಜನಗರ ಎಲ್ಲಾ ಕಡೆ ಇದ್ದಾರೆ. ಎಲ್ಲರನ್ನೂ ನಿಮ್ಮ ಹತ್ತಿರಾನೇ ಕಳಿಸ್ತೀನಿ, ನಿಮಗೂ ಒಂದು ಪಾಲು" ಎಂದ.

"ದಾರಿ ಬಿಡಿ" ಎಂದೆ.

ಕೆಳಗೆ ಬಂದವಳು ಮೀಟರನ್ನು ಮಗ್ಗಗಳ ನಡುವೆ ಹಿಡಿದೆ. ತೊಂಬತ್ತೆಂಟು. ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆ ಎಂಬತ್ತೈದು ದಾಟಿದರೇ ಅಪಾಯ ಎನ್ನುತ್ತದೆ ನಮ್ಮ ಶಾಸ್ತ್ರ. ಮೀಟರ್ ನೋಡಿ ಹತ್ತಿರ ಬಂದ ಒಬ್ಬ ಹೆಂಗಸಿನ ಹೆಸರು ಕೇಳಿದೆ. ಅವಳು ನನ್ನ ತುಟಿಯನ್ನೇ ನೋಡುತ್ತ, "ಸಿದ್ದಮ್ಮ. ಕುಂತೂರು" ಎಂದು ಕೂಗಿದಳು. ಕೇಳಿಸುತ್ತದಾ ಎಂದು ಕಿವಿ ಮುಟ್ಟಿ ತೋರಿಸಿದೆ.

"ಮಗ್ದ್ ಸದ್ದು ಕೇಳಿಸ್ತದೆ ಕಣವ್ವ. ಮನ್ಸರ್ ಮಾತು ಕೇಳ್ಸಾಕಿಲ್ಲ" ಎಂದು ನಕ್ಕಳು.

ನಾನು ಮತ್ತೆ ಮೆಟ್ಟಿಲು ಹತ್ತಿದೆ. ರಬ್ಬರ್ ಪಟ್ಟಿಯ ಬಾಗಿಲು ತೆಗೆದಾಗ ಸ್ವಾಮಿಯವರು ಡ್ಯಾಕ್ ಮೇಲಿನ ಧೂಳನ್ನು ಮೆತ್ತನೆಯ ಬ್ರಷ್‌ನಲ್ಲಿ ಒರೆಸುತ್ತಿದ್ದರು.

"ಈ ಬಾಗಿಲು ಯಾಕೆ ಹಾಕಿಸಿದಿರಿ?" ಎಂದು ಕೇಳಿದೆ.

"ಮಗ್ದ್ ಗಲಾಟೇಲಿ ಹಾಡು ಕೇಳಕಾಯ್ತದಾ ಮೇಡಂ? ತಲೆ ಕೆಟ್ಟೋಯ್ತದೆ."

"ಕೆಳಗಿರುವವರಿಗೆ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ಸಮಾಧಾನ ಮಾಡುವವರಂತೆ ಹೇಳಿದರು: "ಅವ್ರಿಗೇನ್ ಮೇಡಂ, ಅಭ್ಯಾಸ ಆಗೋಗದೆ."

ಇಷ್ಟು ಹೊತ್ತು ಈ ಮನುಷ್ಯನಿಗೆ ಮೋಸವಾಗುತ್ತಿದೆ ಎಂದು ಕನಿಕರಪಟ್ಟಿದ್ದೆ. ಅದು ಹೋಗಲಿಲ್ಲ. ಆದರೆ ಅದರ ಮೇಲೆ ಇನ್ನೊಂದು ಬಂದು ಕೂತಿತು. ಸದ್ದು ಏನು ಮಾಡುತ್ತದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದುದಕ್ಕೇ ತಮ್ಮ ಪೆಟ್ಟಿಗೆಯನ್ನು ಅದರಿಂದ ಕಾಪಾಡಲು ಎರಡು ಬಾಗಿಲು ಹಾಕಿಸಿದ್ದರು. ಮನುಷ್ಯರಿಗೆ ಒಂದು ಹಿಡಿ ಹತ್ತಿಯನ್ನೂ ತರಿಸಿಕೊಟ್ಟಿರಲಿಲ್ಲ. ಅವರ ಮನೆಯವರು ಟ್ರೇಯಲ್ಲಿ ತಂದಿಟ್ಟ ಕಾಫಿ ಕುಡಿಯದೆ ಬಂದುಬಿಟ್ಟೆ. ಹಾಗೆ ಯಾರ ಮನೆಯಲ್ಲೂ ನಾನು ಮಾಡಿದವಳಲ್ಲ.

ರಿಪೋರ್ಟಿನಲ್ಲಿ ಇದ್ದದ್ದನ್ನೇ ಬರೆದು ಕಳಿಸಿದೆ. ಅದು ಯಾರಿಗೂ ಬೇಕಾಗಲಿಲ್ಲ. ರಾಕೇಶ್ ಮೊಬೈಲಿನ ಒಂದು ಆ್ಯಪ್‌ನಲ್ಲಿ ತಾನೇ ಕಿವಿ ಪರೀಕ್ಷೆ ಮಾಡಿ, ಡ್ಯಾಕ್‌ನಲ್ಲಿ ನಾಲ್ಕು ಸಾವಿರ ಹರ್ಟ್ಸ್‌ನ ಸುತ್ತಲಿನ ಸದ್ದನ್ನು ವಿಪರೀತ ಏರಿಸಿಕೊಟ್ಟನಂತೆ. ಇದೆಲ್ಲ ನನಗೆ ತಿಳಿದದ್ದು ಐದಾರು ತಿಂಗಳ ಮೇಲೆ, ಸ್ವಾಮಿಯವರು ಮತ್ತೆ ಬಂದಾಗ. ಮುಖ ಬಾಡಿತ್ತು.

"ತಾಳ ಬಂತು ಮೇಡಂ. ಬಂದಾಗ ಅತ್ತೇಬಿಟ್ಟೆ. ದಿನಾ ಕೂತು ಅದ್ನೇ ಕೇಳ್ದೆ. ಈಗ ಕಿವೀಲಿ ಸಿಳ್ಳೆ ಒಡೀತದೆ. ನಿಲ್ಲಾಕಿಲ್ಲ. ಮಾತಾಡುವಾಗ್ಲೂ, ಉಣ್ಣುವಾಗ್ಲೂ."

ಅದಕ್ಕೆ ಟಿನಿಟಸ್ ಎನ್ನುತ್ತಾರೆ. ಹೊರಗೆ ಇಲ್ಲದ ಸದ್ದು ತಲೆಯೊಳಗೆ ಕೇಳುತ್ತಲೇ ಇರುವುದು. ಪರೀಕ್ಷೆ ಮಾಡಿದೆ. ಹಳ್ಳ ಆಳವಾಗಿತ್ತು, ಅಕ್ಕಪಕ್ಕದ ಸ್ವರಗಳನ್ನೂ ಒಳಗೆಳೆದುಕೊಂಡಿತ್ತು. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

"ರಾಕೇಶ್ ಏನಂದರು?" ಎಂದು ಕೇಳಿದೆ.

"ಫೋನ್ ಮಾಡ್ದೆ. 'ನಿಮ್ ಕಿವೀಲೇ ಪ್ರಾಬ್ಲಂ ಇದೆ ಸರ್, ಡ್ಯಾಕ್ ಏನ್ ಮಾಡುತ್ತೆ' ಅಂದ."

ಮಾರಲು ಏನೂ ಉಳಿಯದ ದಿನ ಅವನ ಬಾಯಿಂದ ನಿಜ ಬಂದಿತ್ತು.

ನನ್ನ ಕೈಲಾದದ್ದನ್ನು ಮಾಡಿದೆ. ಟಿನಿಟಸ್ ಸಹಿಸಿಕೊಳ್ಳಲು ಹೇಳಿಕೊಡುವ ಅಭ್ಯಾಸಗಳು, ಎರಡು ಕಿವಿಗೂ ಶ್ರವಣ ಸಾಧನ. ಆ ಪುಟ್ಟ ಸಾಧನದೊಳಗೂ ಅಂಕಿಗಳನ್ನು ಮತ್ತೆ ಸದ್ದಾಗಿಸುವ ವ್ಯವಸ್ಥೆಯೇ ಇದೆ ಎಂದಾಗ ಅವರಿಗೆ ಆಶ್ಚರ್ಯ. ಆದರೆ ಹಾಕಿಕೊಂಡು ಹೊರಗೆ ಹೋಗಲು ಒಪ್ಪಲಿಲ್ಲ. ದೊಡ್ಡ ಪೆಟ್ಟಿಗೆಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದವರಿಗೆ ಕಿವಿಯ ಹಿಂದಿನ ಈ ಕಾಳಿನಷ್ಟು ಸಾಧನವೆಂದರೆ ನಾಚಿಕೆಯಾಯಿತು.

ಹೊರಡುವಾಗ, "ನಿಮ್ಮ ಮಗ್ಗದವರನ್ನು ಒಂದು ಭಾನುವಾರ ಇಲ್ಲಿಗೆ ಕಳಿಸಿ" ಎಂದೆ. ಈ ಸಲ ಅವರು 'ಅಭ್ಯಾಸ ಆಗೋಗದೆ' ಎನ್ನಲಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಹೆಚ್ಚು ಕಡಿಮೆ ಎಲ್ಲರ ನಕ್ಷೆಯಲ್ಲೂ ಅದೇ ಹಳ್ಳ. ಎಲ್ಲರಿಗಿಂತ ಆಳ ಇದ್ದದ್ದು ಸಿದ್ದಮ್ಮನದು. ಪರೀಕ್ಷೆ ಮುಗಿದ ಮೇಲೆ ಅವಳು ಎದ್ದು ಹೋಗದೆ ಸೆರಗಿನ ತುದಿ ಸುತ್ತುತ್ತ ಹೇಳಿದಳು:

"ನನ್ ಮೊಮ್ಮಗ ತೊದ್ಲು ಮಾತಾಡ್ತಾನಂತೆ ಕಣವ್ವ. ಮನೇಲಿ ಎಲ್ರೂ ನಗ್ತಾರೆ, ಅವ್ರ್ ನೋಡಿ ನಾನೂ ನಗ್ತೀನಿ. ಏನಂದ ಅಂತ ಕೇಳಾಕ್ ನಾಚ್ಕೆ."

ಸರ್ಕಾರದ ಯೋಜನೆಯೊಂದರಲ್ಲಿ ಅವಳಿಗೆ ಸಾಧನ ಕೊಡಿಸಿದೆ. ಶೆಡ್ಡಿಗೆ ಕಿವಿ ಮುಚ್ಚುವ ಇಯರ್‌ಮಫ್ ತರಿಸಲೇಬೇಕೆಂದು ಸ್ವಾಮಿಯವರಿಗೆ ಬರೆದೆ. ತರಿಸಿದರು. ಒಂದು ತಿಂಗಳು ಬಿಟ್ಟು ಹೇಗಿದೆ ನೋಡೋಣವೆಂದು ಹೋದರೆ, ಅವು ಗೋಡೆಯ ಮೊಳೆಗಳಿಗೆ ಸಾಲಾಗಿ ನೇತಾಡುತ್ತಿದ್ದವು, ಪ್ಲಾಸ್ಟಿಕ್ ಕವರ್ ಸಮೇತ. ಮಗ್ಗದ ಹೆಂಗಸರ ಕಿವಿಯಲ್ಲಿ ಅದೇ ಬಟ್ಟೆ ಚೂರು.

"ಕೊಳೆ ಮಾಡ್ಬೇಡಿ, ಆಫೀಸರ್ ಬಂದಾಗ ಆಕ್ಕಳಿ ಅಂತ ಮಾಲೀಕ್ರು ಅಂದವ್ರೆ" ಎಂದಳು ಸಿದ್ದಮ್ಮ.

ನನ್ನ ವೃತ್ತಿಯಲ್ಲಿ ಕೀವು ಸೋರುವ ಕಿವಿಗಳನ್ನು ನೋಡಿದ್ದೇನೆ, ಹುಳು ಬಿದ್ದದ್ದನ್ನೂ ನೋಡಿದ್ದೇನೆ. ಒಮ್ಮೆಯೂ ಹೇಸಿಕೊಂಡವಳಲ್ಲ. ಅಂದು ಆ ಹೊಳೆಯುವ ಪ್ಲಾಸ್ಟಿಕ್ ಕಂಡು ಹೇಸಿಗೆಯಾಯಿತು. ನೂಲು ಕತ್ತರಿಸುವ ಕತ್ತರಿ ಎತ್ತಿಕೊಂಡು ಒಂದೊಂದೇ ಕವರ್ ಕತ್ತರಿಸಿ ಎಸೆದೆ. ಸ್ವಾಮಿಯವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಅವರು ಏನೋ ಅಂದರು, ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳಿಸಿಕೊಳ್ಳಬೇಕು ಎಂದು ನನಗೂ ಅನ್ನಿಸಲಿಲ್ಲ. ಇಯರ್‌ಮಫ್ ಹಾಕಿಕೊಂಡರೆ ನೂಲು ಕಡಿದ ಸದ್ದು ತಿಳಿಯುವುದಿಲ್ಲ ಎಂದು ಕೆಲವರು ಹೆದರಿದರು. ಸದ್ದು ಕಡಿಮೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ ಎಂದು ಮಗ್ಗದ ಮುಂದೆಯೇ ನಿಂತು ತೋರಿಸಿಕೊಟ್ಟೆ. ಅರ್ಧಕ್ಕರ್ಧ ಮಂದಿ ಈಗಲೂ ಹಾಕಿಕೊಳ್ಳುತ್ತಾರೆ. ಉಳಿದವರು ಮಾಲೀಕರ ಮುಖ ನೋಡುತ್ತಾರೆ.

ಕೇಳಿಸದವರ ಮೇಲೆ ನನಗೆ ಎಂದೂ ಬೇಸರ ಬಂದಿಲ್ಲ. ಕೇಳಿಸಿಯೂ ಕೇಳಿಸದಂತೆ ಇರುವವರನ್ನು ಹೇಗೆ ಅಳೆಯುವುದು ಎಂದು ಯಾವ ಕಾಲೇಜಿನಲ್ಲೂ ಹೇಳಿಕೊಡಲಿಲ್ಲ. ಆ ಕೇಸಿನಿಂದ ನಾನು ಕಲಿತದ್ದು ಒಂದು ಪ್ರಶ್ನೆ ಮಾತ್ರ. ಯಾರ ನಕ್ಷೆಯಲ್ಲಾದರೂ ಆ ಹಳ್ಳ ಕಂಡರೆ ರಿಪೋರ್ಟ್ ಬರೆಯುವ ಮೊದಲು ಅದನ್ನು ಕೇಳುತ್ತೇನೆ.

ಮೊನ್ನೆ ಬಂಡಳ್ಳಿ ಕಡೆಯಿಂದ ಕಲ್ಲು ಕೊಯ್ಯುವ ಕೆಲಸದವನೊಬ್ಬ ಬಂದಿದ್ದ. ಪರೀಕ್ಷೆ ಮುಗಿಸಿದರೆ ಅದೇ ಹಳ್ಳ. ಕೇಳಿದೆ: "ನೀನು ಕೆಲಸ ಮಾಡೋ ಕಡೆ ಇನ್ನೂ ಯಾರ್ ಯಾರಿದ್ದಾರಪ್ಪ?"

"ಸುಮಾರ್ ಜನ ಅವ್ರೆ. ಯಾಕೆ ಮೇಡಮ್ಮೋರೆ?"

"ಅವರನ್ನೂ ಕರ್ಕೊಂಡು ಬಾ."

"ನಮ್ ಓನರ್‌ನೂ ಕರೀಲಾ?"

"ಕರಿ. ಆದರೆ ಅವರನ್ನ ಕೊನೇಲಿ ನೋಡ್ತೀನಿ" ಎಂದೆ.