ಕೇಳದೆ ಬರೆದ ಚಿತ್ರ

ಮದುವೆಯಾಗಿ ಬೆಂಗಳೂರಿನ ಅಂಚಿನ ಹೂಡಿಗೆ ಬರುವ ಮುಂಚೆ ಧನಲಕ್ಷ್ಮಿ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೀ ಶರ್ಟುಗಳಿಗೆ ಹೂವು, ಗಿಳಿಗಳ ಡಿಸೈನ್ ಬರೆಯುತ್ತಿದ್ದಳು. ಗಂಡ ಅಂಬರೀಶನ ಮನೆಯವರು ಊರಿನ ಹಳೇ ಒಕ್ಕಲು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಬಾಡಿಗೆ ಮನೆಗಳ ಸಾಲು. ಸೊಸೆ ಹೊರಗೆ ದುಡಿಯುವುದು ಬೇಡವೆಂದರು. ಅವಳು ಮಹಡಿಯ ಖಾಲಿ ಕೋಣೆಯಲ್ಲಿ ಕೂತು ಕ್ಯಾನ್ವಾಸಿನ ಮೇಲೆ ಬರೆಯತೊಡಗಿದಳು. ಬರೆದದ್ದನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ಫೇಸ್‌ಬುಕ್ಕಿಗೆ ಹಾಕಿದಳು. ಕೆರೆ ಏರಿ, ಟೆಕ್‌ಪಾರ್ಕಿನ ಕಾಂಪೌಂಡಿಗೆ ಮೈ ಉಜ್ಜುವ ಎಮ್ಮೆ. ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನವರು ಕೊಂಡರು. ಮನೆಯಲ್ಲಿ ಯಾರೂ ಅಡ್ಡಿ ಮಾಡಲಿಲ್ಲ.

೨೦೧೪ರ ಬೇಸಿಗೆಯಲ್ಲಿ ಅವಳು ಅತ್ತೆ ಪಿಳ್ಳಮ್ಮನನ್ನು ಬರೆದಳು. ಗಂಡ ತೀರಿಕೊಂಡ ಮೇಲೆ ಪಿಳ್ಳಮ್ಮ ತಲೆಯ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ. ಎಣ್ಣೆನೀರು ಹಾಕಿಕೊಂಡ ದಿನ ಮಾತ್ರ ಹಿತ್ತಿಲ ಮೆಟ್ಟಿಲ ಮೇಲೆ ಬಿಳಿಗೂದಲು ಹರಡಿ, ಕಣ್ಣು ಮುಚ್ಚಿ ಬಿಸಿಲಿಗೆ ಕೂರುತ್ತಿದ್ದಳು. ಧನಲಕ್ಷ್ಮಿ ಮಹಡಿ ಕಿಟಕಿಯಿಂದ ಅದನ್ನೇ ನೋಡಿ ನೋಡಿ ಬರೆದಳು. ಕೇಳಿದರೆ ಬೇಡವೆನ್ನುತ್ತಾಳೆಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಚಿತ್ರ ಹಾಕಿದ್ದೇ ತಡ, ಗುರುತಿಲ್ಲದವರೆಲ್ಲ ಹಂಚಿಕೊಂಡರು. ಪುಣೆಯ ಡಾಕ್ಟರಮ್ಮ ಒಬ್ಬಳು ಕೊಳ್ಳುತ್ತೇನೆಂದು ಬರೆದಳು. ಧನಲಕ್ಷ್ಮಿ ಪ್ಯಾಕ್ ಮಾಡಿ ಕೊರಿಯರ್‌ನವನಿಗೆ ಕಾಯುತ್ತಿದ್ದಾಗ ಪಿಳ್ಳಮ್ಮನ ಮೈದುನ ಲಕ್ಷ್ಮಣಪ್ಪ ಚಪ್ಪಲಿಯನ್ನೂ ಬಿಡದೆ ಹಾಲಿಗೆ ನುಗ್ಗಿದ. ಕೈಯಲ್ಲಿ ಮೊಬೈಲು.

"ಅತ್ಗೆ, ಇಲ್ನೋಡು! ನಿನ್ನ ಸೊಸೆ ನಿನ್ನ ಬಿಚ್ಚುಗೂದ್ಲು ಲೋಕಕ್ಕೆಲ್ಲ ತೋರ್ಸವ್ಳೆ. ಓಟ್ಲಲ್ಲಿ ಜನ ನಂಗೇ ತೋರ್ಸಿ ನಗ್ತಾವ್ರೆ. ನಮ್ಮನೆ ಎಂಗಸ್ರು ಮಾರಾಟಕ್ಕವ್ರಾ?"

ಅಂಬರೀಶ ಹೆಂಡತಿಯ ಕಡೆ ತಿರುಗಿದ. "ಅಮ್ಮಂಗೆ ಹೇಳಿರ್ಲಿಲ್ವಾ ನೀನು?"

ಲಕ್ಷ್ಮಣಪ್ಪನ ಕಣ್ಣು ಬಾಗಿಲ ಪಕ್ಕದ ಪಾರ್ಸೆಲ್ಲಿನ ಮೇಲೆ ಬಿತ್ತು. "ಇದೇನಾ? ಈಗ್ಲೇ ಅರ್ದಾಕ್ತೀನಿ." ಅವನು ಒಂದು ತುದಿ ಹಿಡಿದ, ಧನಲಕ್ಷ್ಮಿ ಇನ್ನೊಂದು ತುದಿಯನ್ನು ಎದೆಗವಚಿಕೊಂಡಳು. "ಬೇಡ ಚಿಕ್ಕಮಾವ, ಬಿಡಿ." ಹೊರಗೆ ಗೇಟಿನ ಹತ್ತಿರ ಕೊರಿಯರ್‌ನವನ ಬೈಕು ಹಾರನ್ ಹೊಡೆಯಿತು.

"ಬುಡು ಲಕ್ಷ್ಮಣ," ಎಂದಳು ಪಿಳ್ಳಮ್ಮ. ಸೊಸೆಗೆ ಹೇಳಿದಳು: "ಬಿಚ್ಚು ಅದ್ನ."

ಧನಲಕ್ಷ್ಮಿ ಟೇಪು ಕಿತ್ತಳು. ಪಿಳ್ಳಮ್ಮ ಚಿತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಮಖ ನಂದು ಲಕ್ಷ್ಮಣ. ಅದ್ನ ಅರಿಯಾಕೆ ನೀನ್ಯಾರು?"

ಧನಲಕ್ಷ್ಮಿ ಉಸಿರು ಬಿಡುವಷ್ಟರಲ್ಲಿ ಪಿಳ್ಳಮ್ಮ ಅವಳ ಕಡೆ ತಿರುಗಿದ್ದಳು.

"ಮಾರಾಕೆ ನೀನ್ಯಾರು? ನಾನು ಕಣ್ಮುಚ್ಕಂಡಿದ್ದಾಗ ಕದ್ದು ನೋಡ್ದಲ್ಲ. ಒಂದ್ಮಾತು ಕೇಳಾಕೆ ಏನಾಗಿತ್ತು?"

ಲಕ್ಷ್ಮಣಪ್ಪನ ಕೂಗಾಟಕ್ಕಿಂತ ಅದು ಹೆಚ್ಚು ನಾಟಿತು. ಕೊರಿಯರ್‌ನವನು ಬರಿಗೈಯಲ್ಲಿ ಹೋದ. ಧನಲಕ್ಷ್ಮಿ ಫೇಸ್‌ಬುಕ್ಕಿನಿಂದ ಚಿತ್ರವನ್ನು ಅಳಿಸಿ, ಡಾಕ್ಟರಮ್ಮನಿಗೆ ನಡೆದದ್ದನ್ನೆಲ್ಲ ಬರೆದಳು. ಬೇರೆಯವರು ಹಂಚಿಕೊಂಡದ್ದು ಮಾತ್ರ ಉಳಿದೇ ಉಳಿಯಿತು. ಅದನ್ನೂ ಅತ್ತೆಗೆ ಹೇಳಿದಳು. ಪಿಳ್ಳಮ್ಮ ಅಂದಿನಿಂದ ಸೊಸೆಯ ಜೊತೆ ಮಾತು ಬಿಟ್ಟಳು, ತನ್ನ ಮುದ್ದೆ ತಾನೇ ಬಡಿಸಿಕೊಂಡಳು. ಮಹಡಿ ಕೋಣೆಯಲ್ಲಿ ಬ್ರಷ್ಷುಗಳು ಒಣಗಿದವು. ತವರಿಗೆ ಹೋಗಿಬಿಡಲೇ ಎಂದು ಧನಲಕ್ಷ್ಮಿ ಗಂಡನನ್ನು ಕೇಳಿದ್ದೂ ಉಂಟು.

ಆಷಾಢದ ಗಾಳಿ ಎದ್ದಾಗ ಒಂದು ಮಧ್ಯಾಹ್ನ ಪಿಳ್ಳಮ್ಮ ಏದುಸಿರು ಬಿಡುತ್ತಾ ಮಹಡಿ ಹತ್ತಿ ಬಂದಳು. ಸ್ಟೂಲು ಎಳೆದು ಕೂತು, ತಾನೇ ಸೆರಗು ಸರಿಸಿದಳು.

"ಬರಿ. ಈ ಸಲ ಕಣ್ಬುಟ್ಕಂಡೇ ಇರ್ತೀನಿ."

"ತಪ್ಪಾಯ್ತು ಅತ್ತೆ..."

"ಅದಿರ್ಲಿ. ಬೇಗ್ ಬರಿ, ಸೊಂಟ ನೋಯ್ತದೆ."

ಧನಲಕ್ಷ್ಮಿಯ ಕೈ ಹಿಡಿತಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಚಿತ್ರದ ಪಿಳ್ಳಮ್ಮ ನೋಡುವವರನ್ನು ನೇರ ದಿಟ್ಟಿಸುತ್ತಿದ್ದಳು, ಸ್ವಲ್ಪ ಸಿಟ್ಟಿನಲ್ಲೇ. ಗಲ್ಲದ ಮೇಲಿನ ಗಾಯದ ಗುರುತು ಬಿಟ್ಟುಹೋಗಿದೆಯೆಂದು ಆಕೆಯೇ ಹೇಳಿ ಹಾಕಿಸಿದಳು. ಆಮೇಲೆ "ಆ ಪುಣೆಯವ್ಳಿಗೆ ತೋರ್ಸು, ಬೇಕಾದ್ರೆ ತಕಳ್ಳಿ" ಎಂದಳು. ಡಾಕ್ಟರಮ್ಮ ತೆಗೆದುಕೊಂಡಳು. ಮೊದಲ ಚಿತ್ರವನ್ನು ಪಿಳ್ಳಮ್ಮ ತನ್ನ ಮಂಚದ ಕೆಳಗೆ ಇಟ್ಟುಕೊಂಡಳು, ಯಾರಿಗೂ ತೋರಿಸಲಿಲ್ಲ.

ಅಲ್ಲಿಂದ ಮುಂದೆ ಧನಲಕ್ಷ್ಮಿ ಯಾರನ್ನು ಬರೆದರೂ ಮೊದಲು ಅವರನ್ನು ಕೇಳುತ್ತಿದ್ದಳು. ಬೇಡವೆಂದವರೇ ಹೆಚ್ಚು.