ಕೈಗಿಂತ ಹಿಂದೆ ಬಿದ್ದ ಚಿತ್ರ

ಅಪ್ಪ ಹುಮನಾಬಾದಿನ ತಮ್ಮ ಸಣ್ಣ ಲ್ಯಾಬಿನಲ್ಲಿ ಮೂವತ್ತು ವರ್ಷ ರಕ್ತದ ಕಣ ಎಣಿಸಿದವರು. ಅವರ ಕಣ್ಣಿನ ನಡುಭಾಗ ಮಸುಕಾಗತೊಡಗಿತು. ಇದು ಹೆಚ್ಚುತ್ತಲೇ ಹೋಗುತ್ತದೆ, ದೊಡ್ಡದಾಗಿ ತೋರಿಸಿದರೆ ಇನ್ನೂ ಕೆಲವು ತಿಂಗಳು ಕಾಣಬಹುದು ಎಂದರು ವೈದ್ಯರು. ಮೈಕ್ರೋಸ್ಕೋಪಿಗೆ ಡಿಜಿಟಲ್ ಕ್ಯಾಮೆರಾ ಜೋಡಿಸಿ ಟೀವಿಯಲ್ಲಿ ತೋರಿಸೋಣ ಎಂದೆ. ಎಂ.ಎಸ್ಸಿ. ಓದಿದವಳೆಂದು ಆಯ್ಕೆಯ ಕೆಲಸ ನನಗೇ ಬಂತು.

ಬಸವಕಲ್ಯಾಣದ ಡೀಲರೊಬ್ಬ ಎರಡು ಕ್ಯಾಮೆರಾ ತರಿಸಿಟ್ಟಿದ್ದ. ನಾನು ಹೊರಟಾಗ ಅಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದರು.

"ನಾನೂ ಬರ್ತೀನಿ, ತಡಿ."

"ಬ್ಯಾಡ್ರಿ ಅಪ್ಪಾ, ಬಸ್ಸಿನ್ಯಾಗ ಗದ್ದಲ ಇರ್ತದ. ನಾನ ನೋಡಿ ಬರ್ತೀನಿ."

"ಹೌದವ್ವಾ, ಕಣ್ಣಿದ್ದವರು ನೀವು. ನೀವೇ ನೋಡ್ರಿ" ಎಂದು ನಕ್ಕು ಒಳಗೆ ಹೋದರು.

ಒಂದು ಕ್ಯಾಮೆರಾಕ್ಕೆ ಪಿಕ್ಸೆಲ್ ಹೆಚ್ಚು, ಇನ್ನೊಂದಕ್ಕೆ ಕಡಿಮೆ. "ಕಮ್ಮಿದ್ರಾಗ ಚಿತ್ರ ಜರಾ ಜಲ್ದಿ ಓಡ್ತದ್ರಿ ಮೇಡಂ" ಎಂದ ಡೀಲರ್. ನಾನು ಸೆನ್ಸರಿನ ಅಳತೆ, ಅಡಾಪ್ಟರಿನ ವ್ಯಾಸ ಎಲ್ಲ ಬರೆದುಕೊಂಡೆ. ಹೆಚ್ಚು ಪಿಕ್ಸೆಲಿನದರಲ್ಲಿ ಪ್ರತಿ ಕಣದ ಅಂಚೂ ಕೆತ್ತಿದಂತಿತ್ತು. ಅದನ್ನೇ ತಂದೆ. ಅವನಿಟ್ಟಿದ್ದ ಸ್ಲೈಡನ್ನು ಒಮ್ಮೆಯೂ ಸರಿಸಿ ನೋಡಲಿಲ್ಲ.

ಅಪ್ಪ ಸ್ಲೈಡನ್ನು ನಿಲ್ಲಿಸಿ ನೋಡುವವರೇ ಅಲ್ಲ. ಸ್ಲೈಡು ಸರಿಸುವ ತಿರುಪಿನ ಮೇಲೆ ಬೆರಳಿಟ್ಟು, ಕುಂಟೆ ಹೊಡೆಯುವವರ ಹಾಗೆ ಆ ತುದಿಯಿಂದ ಈ ತುದಿಗೆ ಸಾಲು ಹಿಡಿದು ಹೋಗುತ್ತಾರೆ. ಎಣಿಕೆ ಆ ಓಟದಲ್ಲೇ ನಡೆಯುತ್ತದೆ. ಮೊದಲ ದಿನ ಅವರು ತಿರುಪು ತಿರುಗಿಸಿದರು. ಟೀವಿಯ ಚಿತ್ರ ತಡೆತಡೆದು, ಕಲಸಿಕೊಂಡು, ಬಹಳ ಹಿಂದೆ ಬಂತು.

"ನನ್ನ ಕೈ ಮನ್ನಾಏಖೇಳ್ಳಿ ಊರು ದಾಟ್ಯದ. ನಿನ್ನ ಟೀವಿ ಇನ್ನೂ ಹುಮನಾಬಾದ ಬಸ್‌ಸ್ಟ್ಯಾಂಡಿನ್ಯಾಗ ಕುಂತದ ನೋಡು!"

"ಜರಾ ನಿಲ್ಸಿ ನಿಲ್ಸಿ ನೋಡ್ರಿ ಅಪ್ಪಾ."

ಹಾಗೂ ನೋಡಿದರು. ಕಂಡ ಕಣಗಳನ್ನೇ ಎರಡು ಸಲ ಎಣಿಸಿದರು. ಮೂರನೆಯ ಸಲ ಸಾಲು ತಪ್ಪಿದಾಗ ಎದ್ದರು. "ನಿಂತ್ರ ಎಲ್ಲಿದ್ದೆ ಅನ್ನೋದೇ ಮರೀತದವ್ವಾ." ಮರುದಿನದಿಂದ ಸ್ಲೈಡು ನಾನೇ ನೋಡಿದೆ. ಅವರು ಬಾಗಿಲ ಬಳಿಯ ಬೆಂಚಿನಲ್ಲಿ, ರಕ್ತ ಪರೀಕ್ಷೆಗೆಂದು ಬಂದವರ ಜೊತೆ ಕೂರತೊಡಗಿದರು.

ಕಡಿಮೆ ಪಿಕ್ಸೆಲಿನ ಕ್ಯಾಮೆರಾವನ್ನು ಡೀಲರ್ ಆಗಲೇ ಮಾರಿದ್ದ; ಅಂಥದೇ ಇನ್ನೊಂದು ಬದಲಿಯಾಗಿ ಬರಲು ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವರು ಚಹಾದ ಕಪ್ಪನ್ನು ಕೈಯಿಂದ ತಡವಿ ಹುಡುಕುತ್ತಿದ್ದರು. ಆದರೂ ಜೋಡಿಸಿ ಕರೆದೆ. ಬಂದು ಕುಳಿತು, ತಿರುಪನ್ನು ಬೆರಳಿನಿಂದಲೇ ಕಂಡುಕೊಂಡರು. ಟೀವಿಯ ಮೇಲೆ ಕಣಗಳು ನೀರಿನಂತೆ ಸರಿದವು.

"ಈಗೂ ಹಿಂದ ಬೀಳಾಕತ್ತದೇನು?" ಎಂದು ಕೇಳಿದರು.

"ಇಲ್ರಿ, ನಿಮ್ಮ ಕೈ ಜೋಡಿನೇ ಬರಾಕತ್ತದ."

"ಹಂಗಾರ ಬರೋಬ್ಬರಿ ಅದ" ಎಂದರು. ಮುಖ ಟೀವಿಯ ಕಡೆಗಿತ್ತು. ಸಾಲು ಮುಗಿಯುವವರೆಗೂ ತಿರುಗಿಸುತ್ತಲೇ ಇದ್ದರು. ಅಂದು ಅವರನ್ನು ಬಿಟ್ಟು ಹೋಗಲು ನಾನು ಬಸ್ಸಿನ ಗದ್ದಲದ ನೆಪ ಹೇಳಿದ್ದನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ.